ಲೈನಿನ ಕೆಳಗಿನ ಊರುಗಳು

1902ರ ಜೂನ್ 30ರಂದು ಶಿವನಸಮುದ್ರದ ಕರೆಂಟು ಮೊದಲ ಸಲ ಹೊರಟಾಗ ಪಕ್ಕದ ಹಳ್ಳಿಗಳಿಗೆ ಬರಲಿಲ್ಲ. ಮಳವಳ್ಳಿಗೆ ಬರಲಿಲ್ಲ, ಮಹಾರಾಜರಿದ್ದ ಮೈಸೂರಿಗೂ ಹೋಗಲಿಲ್ಲ, ಬೆಂಗಳೂರನ್ನೂ ಮುಟ್ಟಲಿಲ್ಲ. ಈಶಾನ್ಯದ ಕಡೆ ಮುಖ ಮಾಡಿ ಕಾಡು, ಗುಡ್ಡ, ಹೊಲ, ಕೆರೆಗಳನ್ನು ದಾಟಿ 92 ಮೈಲಿ ದೂರದ ಕೋಲಾರದ ಚಿನ್ನದ ಗಣಿಗೆ ಹೋಯಿತು. ಕಾವೇರಿ ಧುಮುಕುವ ಸದ್ದು ಕೇಳುವಷ್ಟು ಹತ್ತಿರದ ಊರುಗಳಲ್ಲಿ ಆ ರಾತ್ರಿಯೂ ಬುಡ್ಡಿದೀಪವೇ ಉರಿಯಿತು. ಮುಂದೆ ಅನೇಕ ವರ್ಷ ಹಾಗೇ ಉರಿಯಿತು.

ನಾನು ಮಳವಳ್ಳಿ ತಾಲ್ಲೂಕಿನವನು. ಲೈನ್‌ಮನ್ ಆಗಿ ಕೆಲಸಕ್ಕೆ ಸೇರಿ ಮೇಸ್ತ್ರಿಯಾಗಿ ನಿವೃತ್ತನಾದವನು. ಕಂಬ ಹತ್ತುತ್ತಿದ್ದ ಕಾಲದಿಂದಲೂ ಕರೆಂಟಿನ ಚರಿತ್ರೆ ಸಿಕ್ಕಿದಲ್ಲೆಲ್ಲ ಓದುತ್ತ ಬಂದಿದ್ದೇನೆ. ಓದಿದ್ದರಲ್ಲಿ ಹೆಚ್ಚಿನದು ಅಣೆಕಟ್ಟಿನ ಎತ್ತರ, ಯಂತ್ರದ ಶಕ್ತಿ, ದಿವಾನರ ದೂರದೃಷ್ಟಿ. ಅವೆಲ್ಲ ನಿಜ, ಹೆಮ್ಮೆಪಡಬೇಕಾದ್ದೇ. ಆದರೆ ಕರೆಂಟು ಹುಟ್ಟಿಸಿದ್ದು ಅರ್ಧ ಕಥೆ. ತಂತಿ ಯಾರ ಬಾಗಿಲಿಗೆ ಮೊದಲು ಬಂತು, ಯಾರ ತಲೆಯ ಮೇಲೆ ಹಾದು ಮುಂದೆ ಹೋಯಿತು, ಕೊನೆಯ ಕಂಬವನ್ನು ಯಾರು ನೆಟ್ಟರು ಅನ್ನುವುದು ಉಳಿದರ್ಧ. ಅದನ್ನು ಬರೆಯುವವರು ಕಡಿಮೆ. ಅದಕ್ಕೇ ನಾನು ಬರೆಯುತ್ತಿದ್ದೇನೆ.

ಗಣಿಗೇ ಯಾಕೆ ಹೋಯಿತು? ಕೋಲಾರದಲ್ಲಿ ಜಾನ್ ಟೇಲರ್ ಕಂಪನಿಯವರು ಭೂಮಿಯ ಆಳದಿಂದ ಅದಿರು ಎತ್ತಲು, ಕಲ್ಲು ಪುಡಿಮಾಡಲು, ಒಸರುವ ನೀರನ್ನು ಹೊರಗೆ ಹಾಕಲು ಹಬೆಯ ಎಂಜಿನ್ನುಗಳನ್ನು ನೆಚ್ಚಿಕೊಂಡಿದ್ದರು. ಅದಕ್ಕೆ ಬೇಕಾದ ಕಲ್ಲಿದ್ದಲು ದೂರದಿಂದ ಬರಬೇಕು, ಖರ್ಚು ವಿಪರೀತ. ಇತ್ತ ಶಿವನಸಮುದ್ರದಲ್ಲಿ ಕಾವೇರಿ ಗಗನಚುಕ್ಕಿ, ಭರಚುಕ್ಕಿ ಎಂದು ಎರಡಾಗಿ ಒಡೆದು ಸುಮ್ಮನೆ ಧುಮುಕುತ್ತಿತ್ತು. ಈ ಎರಡನ್ನೂ ಜೋಡಿಸಬಹುದೆಂದು ಲೆಕ್ಕ ಹಾಕಿ ತೋರಿಸಿದವರು ಎ. ಸಿ. ಜೋಲಿ ಡಿ ಲೋಟ್‌ಬಿನಿಯೆ. ಕೆನಡಾದ ಕ್ವಿಬೆಕ್ ಪ್ರಾಂತ್ಯದ ಮನೆತನದವರು, ರಾಯಲ್ ಎಂಜಿನಿಯರ್ಸ್ ಪಡೆಯ ಅಧಿಕಾರಿ, ಮೈಸೂರು ಸರ್ಕಾರದ ಉಪ ಮುಖ್ಯ ಎಂಜಿನಿಯರ್. ದಿವಾನ್ ಕೆ. ಶೇಷಾದ್ರಿ ಅಯ್ಯರ್ ಈ ಲೆಕ್ಕವನ್ನು ನಂಬಿದರು. 1899ರಲ್ಲಿ ಲೋಟ್‌ಬಿನಿಯೆ ಯುರೋಪು, ಅಮೆರಿಕಗಳಿಗೆ ಹೋಗಿ ಇಂಥ ಕೆಲಸಗಳನ್ನು ನೋಡಿಕೊಂಡು ಬಂದರು. ವಿದ್ಯುತ್ ಯಂತ್ರಗಳು ಅಮೆರಿಕದ ಜನರಲ್ ಎಲೆಕ್ಟ್ರಿಕ್ ಕಂಪನಿಯಿಂದ ಬಂದವು. ನೀರಿನ ಚಕ್ರಗಳು ಸ್ವಿಟ್ಜರ್‌ಲೆಂಡಿನ ಎಶರ್ ವಿಸ್ ಕಂಪನಿಯವು.

ಆಗ ಸರ್ಕಾರದ ಮುಂದಿದ್ದ ಪ್ರಶ್ನೆ, ಇಷ್ಟು ಕರೆಂಟನ್ನು ಕೊಳ್ಳುವವರು ಯಾರು ಎಂಬುದು. ಒಂದೇ ಕಡೆ, ಹಗಲೂ ರಾತ್ರಿ, ವರ್ಷವಿಡೀ ಕೊಂಡು ದುಡ್ಡು ಕೊಡಬಲ್ಲ ಗಿರಾಕಿ ಇಡೀ ಸಂಸ್ಥಾನದಲ್ಲಿ ಗಣಿ ಬಿಟ್ಟರೆ ಬೇರೆ ಇರಲಿಲ್ಲ. ಗಿರಾಕಿಯನ್ನು ಗೊತ್ತುಮಾಡಿಕೊಂಡೇ ಕೆಲಸ ಶುರುವಾಯಿತು. ಆ ತೀರ್ಮಾನವನ್ನು ನಾನು ತಪ್ಪೆನ್ನುವುದಿಲ್ಲ. ಗಣಿಯ ದುಡ್ಡಿಲ್ಲದಿದ್ದರೆ ಅಂಥ ದೊಡ್ಡ ಕೆಲಸಕ್ಕೆ ಆ ಕಾಲದಲ್ಲಿ ಯಾರೂ ಕೈ ಹಾಕುತ್ತಿರಲಿಲ್ಲ. ಡಾರ್ಜಿಲಿಂಗಿನ ಹತ್ತಿರ ಸಿದ್ರಾಪೊಂಗ್‌ನಲ್ಲಿ 1897ರಲ್ಲೇ ನೀರಿನಿಂದ ಕರೆಂಟು ತೆಗೆದಿದ್ದರು. ಆದರೆ ಅದು ಒಂದು ಪಟ್ಟಣದ ದೀಪಕ್ಕೆ ಆಗುವಷ್ಟರದು, 130 ಕಿಲೋವ್ಯಾಟಿನದು. ಶಿವನಸಮುದ್ರದಲ್ಲಿ ಮೊದಲ ಹಂತದಲ್ಲೇ ತಲಾ 720 ಕಿಲೋವ್ಯಾಟಿನ ಆರು ಯಂತ್ರಗಳನ್ನು ಕೂರಿಸಿದರು.

ಕೂರಿಸಿದರು ಎಂದು ಬರೆಯುವುದು ಸುಲಭ. ಬ್ಲಫ್ ಎಂದು ಇವತ್ತಿಗೂ ನಮ್ಮ ಕಡೆಯವರು ಕರೆಯುವ ಆ ಜಾಗಕ್ಕೆ ರೈಲಿರಲಿಲ್ಲ. ಟನ್ನುಗಟ್ಟಲೆ ತೂಕದ ಕಬ್ಬಿಣವನ್ನು ಎತ್ತಿನ ಗಾಡಿಗಳಲ್ಲಿ, ಆನೆಗಳ ನೆರವಿನಲ್ಲಿ ಸಾಗಿಸಿದರು. ಜ್ವರದ ಸೀಮೆ ಅದು. ಕಲ್ಲು ಹೊತ್ತವರು, ಕಾಲುವೆ ತೋಡಿದವರು ಸಾವಿರಾರು ಜನ. ಅವರಲ್ಲಿ ಒಬ್ಬರ ಹೆಸರೂ ನಾನು ಓದಿದ ಪುಸ್ತಕಗಳಲ್ಲಿಲ್ಲ. ಶೇಷಾದ್ರಿ ಅಯ್ಯರ್ ಕೂಡ ಕರೆಂಟು ಹರಿದದ್ದನ್ನು ನೋಡಲಿಲ್ಲ. 1901ರ ಮಾರ್ಚಿನಲ್ಲಿ ಹುದ್ದೆ ಬಿಟ್ಟರು, ಸೆಪ್ಟೆಂಬರಿನಲ್ಲಿ ತೀರಿಕೊಂಡರು. ಇವತ್ತು ಆ ವಿದ್ಯುದಾಗಾರಕ್ಕೆ ಅವರದೇ ಹೆಸರಿದೆ.

ಅಲ್ಲಿನ ಕೆಲಸ ನೋಡಲು ಸರಳ. ಜಲಪಾತಕ್ಕಿಂತ ಮೇಲುಗಡೆ ನದಿಗೆ ಕಟ್ಟೆ ಹಾಕಿ ನೀರನ್ನು ಕಾಲುವೆಗೆ ತಿರುಗಿಸುತ್ತಾರೆ. ಕಾಲುವೆ ಗುಡ್ಡದ ಅಂಚಿಗೆ ಬಂದಮೇಲೆ ನೀರು ದಪ್ಪ ಕಬ್ಬಿಣದ ಕೊಳವೆಗಳಿಗೆ ಇಳಿದು ಸುಮಾರು 400 ಅಡಿ ಕೆಳಗಿರುವ ಪವರ್ ಹೌಸಿಗೆ ಬೀಳುತ್ತದೆ. ಬೀಳುವ ನೀರು ಚಕ್ರವನ್ನು ತಿರುಗಿಸುತ್ತದೆ, ಚಕ್ರ ಜನರೇಟರನ್ನು ತಿರುಗಿಸುತ್ತದೆ. ನೀರು ಮತ್ತೆ ಹೊಳೆಗೇ ಸೇರುತ್ತದೆ. ಒಂದು ಹನಿಯೂ ಖರ್ಚಾಗುವುದಿಲ್ಲ, ಖರ್ಚಾಗುವುದು ಅದರ ಎತ್ತರ ಮಾತ್ರ. ಕೆಲಸದ ಮೇಲೆ ಅಲ್ಲಿಗೆ ಹೋದಾಗಲೆಲ್ಲ ಹಳಿಯ ಮೇಲೆ ಟ್ರಾಲಿಯಲ್ಲಿ ಕೆಳಗಿಳಿಯುತ್ತ ಆ ಕೊಳವೆಗಳನ್ನು ನೋಡುತ್ತಿದ್ದೆ. ಕೈಯಿಟ್ಟರೆ ಒಳಗಿನ ನೀರಿನ ನಡುಕ ಅಂಗೈಗೆ ತಿಳಿಯುತ್ತದೆ.

ಕಷ್ಟದ ಕೆಲಸ ಅಲ್ಲಿಂದ ಆಚೆಗಿನದು. ಕರೆಂಟು ತಂತಿಯಲ್ಲಿ ಹೋಗುವಾಗ ತಂತಿ ಬಿಸಿಯಾಗುತ್ತದೆ, ಆ ಬಿಸಿಯೆಲ್ಲ ನಷ್ಟ. ತಂತಿಯಲ್ಲಿ ಹರಿಯುವ ಆಂಪಿಯರ್ ಅರ್ಧವಾದರೆ ನಷ್ಟ ಕಾಲು ಭಾಗಕ್ಕೆ ಇಳಿಯುತ್ತದೆ. ಆಂಪಿಯರ್ ಇಳಿಸಿಯೂ ಅಷ್ಟೇ ಶಕ್ತಿಯನ್ನು ಕಳಿಸಬೇಕಾದರೆ ವೋಲ್ಟೇಜು ಏರಿಸಬೇಕು. ಅದಕ್ಕೇ ಜನರೇಟರಿನಿಂದ ಬಂದದ್ದನ್ನು ಟ್ರಾನ್ಸ್‌ಫಾರ್ಮರಿನಲ್ಲಿ 35,000 ವೋಲ್ಟಿಗೆ ಏರಿಸಿ ಗಣಿಗೆ ಕಳಿಸಿದರು. ಅಷ್ಟು ವೋಲ್ಟೇಜಿನಲ್ಲಿ ಅಷ್ಟು ದೂರದ ಲೈನು ಆಗ ಜಗತ್ತಿನಲ್ಲೇ ಬೆರಳೆಣಿಕೆಯಷ್ಟಿತ್ತು. ತಂತಿ ಹೊರುವ ಒಂದು ಪಿಂಗಾಣಿ ಒಡೆದರೂ ಗಣಿಯಲ್ಲಿ ಯಂತ್ರಗಳು ನಿಂತುಬಿಡಬಹುದು. ಹಾಗಾಗಿ ಲೈನಿನ ಉದ್ದಕ್ಕೂ ಕಾವಲಿನವರು ನಡೆದು ಕಂಬ ಕಂಬ ನೋಡಬೇಕಾಗಿತ್ತು. ನಮ್ಮ ಕಸುಬಿನ ಹಿರಿಯರು ಅವರು.

ಈ 35,000 ವೋಲ್ಟಿನಲ್ಲೇ ಲೈನಿನ ಕೆಳಗಿನ ಊರುಗಳಿಗೆ ಬೆಳಕು ಸಿಗದಿದ್ದ ಕಾರಣವೂ ಇದೆ. ಚಿಕ್ಕವನಿದ್ದಾಗ ನಾನು ಅಪ್ಪನನ್ನು ಕೇಳಿದ್ದೆ, ‘ಅಪ್ಪಾ, ತಂತಿ ಇಲ್ಲೇ ಹೋಯ್ತದಲ್ಲ, ನಮ್ಗ್ಯಾಕೆ ಕೊಡಕಿಲ್ಲ?’ ಅಪ್ಪ ಹೇಳಿದ್ದು: ‘ಅದು ದೊಡ್ಡೋರ ಕರೆಂಟು ಕಣ್ಮಗ, ಮುಟ್ಟಿದ್ರೆ ಸುಟ್ಟೋಯ್ತೀವಿ.’ ಆ ಮಾತಿನ ಎರಡೂ ಅರ್ಥ ಸರಿಯೆಂದು ಕೆಲಸಕ್ಕೆ ಸೇರಿದಮೇಲೆ ತಿಳಿಯಿತು.

ಕನ್ನಂಬಾಡಿ ಅಣೆಕಟ್ಟಿನ ನೀರುಂಡ ಮಂಡ್ಯದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ದೊಡ್ಡ ನಾಲೆ ನಿಮ್ಮ ಗದ್ದೆಯ ಬದುವಿಗೇ ಹತ್ತಿಕೊಂಡು ಹೋದರೂ, ತೂಬು ಇಟ್ಟು ಸೀಳುನಾಲೆ ತೆಗೆದು ಕೈಗಾಲುವೆ ಮಾಡದೆ ನೀರು ಗದ್ದೆಗೆ ಬರುವುದಿಲ್ಲ. ಲೈನಿಗೂ ತೂಬು ಬೇಕು. ದೊಡ್ಡ ಲೈನು ಸ್ಟೇಷನ್ನಿಗೆ ಬಂದು 11,000 ವೋಲ್ಟಿಗೆ ಇಳಿಯಬೇಕು, ಅದು ಊರಿನ ಟಿ.ಸಿ.ಗೆ, ಅಂದರೆ ಟ್ರಾನ್ಸ್‌ಫಾರ್ಮರಿಗೆ, ಬಂದು ಇನ್ನೂ ಇಳಿಯಬೇಕು. ಟಿ.ಸಿ.ಯಿಂದ ಮೂರು ಫೇಸು, ಒಂದು ನ್ಯೂಟ್ರಲ್ ಹೊರಟು ಬೀದಿ ಕಂಬಗಳ ಮೇಲೆ ಹೋಗಿ, ಒಂದು ಫೇಸು ಮತ್ತು ನ್ಯೂಟ್ರಲ್ ಸರ್ವಿಸ್ ತಂತಿಯಾಗಿ ಮನೆಗೆ ಬರಬೇಕು. ಈ ಇಳಿಸುವ ಕೆಲಸಕ್ಕೆಲ್ಲ ದುಡ್ಡು ಬೇಕು. ಬರುವ ಬಿಲ್ಲು ಮಾತ್ರ ಒಂದೊಂದು ಬಲ್ಬಿನದು. ಸೀಳುನಾಲೆಗೆ ದುಡ್ಡು ಹಾಕುವವರಿಲ್ಲದೆ ಊರುಗಳು ಕತ್ತಲಲ್ಲಿ ಉಳಿದವು.

ಗಣಿಯ ನಂತರದ ಸರದಿ ಬೆಂಗಳೂರಿನದು. 1905ರ ಆಗಸ್ಟ್ 5ರಂದು ಸಿಟಿ ಮಾರುಕಟ್ಟೆಯ ಸುತ್ತ ಮೊದಲ ಬೀದಿದೀಪಗಳು ಉರಿದವು. 1908ರಲ್ಲಿ ಮೈಸೂರು. ಅಷ್ಟರಲ್ಲಿ ಇನ್ನೊಂದು ತೊಡಕು ಎದುರಾಗಿತ್ತು. ಬೇಸಿಗೆಯಲ್ಲಿ ಕಾವೇರಿ ಬತ್ತುತ್ತಾಳೆ, ಗಣಿಯ ಕೆಲಸಕ್ಕೆ ಬೇಸಿಗೆಯಿಲ್ಲ. ಮಾತು ಕೊಟ್ಟಷ್ಟು ಕರೆಂಟು ಕೊಡಬೇಕಾದರೆ ಮಳೆಗಾಲದ ನೀರನ್ನು ಎಲ್ಲಾದರೂ ಕೂಡಿಡಬೇಕು. 1909ರಲ್ಲಿ ಮುಖ್ಯ ಎಂಜಿನಿಯರ್ ಆಗಿ ಬಂದ ಎಂ. ವಿಶ್ವೇಶ್ವರಯ್ಯನವರು ಕನ್ನಂಬಾಡಿಯಲ್ಲಿ ಅಣೆಕಟ್ಟಿನ ಯೋಜನೆ ಮುಂದಿಟ್ಟಾಗ ಅವರ ವಾದದ ಒಂದು ಕಾಲು ನೀರಾವರಿ, ಇನ್ನೊಂದು ಕಾಲು ಶಿವನಸಮುದ್ರದ ಕರೆಂಟು. 1911ರಲ್ಲಿ ಕೆಲಸ ಶುರುವಾಯಿತು. ಮಂಡ್ಯದ ಭತ್ತ, ಕಬ್ಬಿನ ಹಿಂದೆ ಕೋಲಾರದ ಗಣಿಯ ಹಸಿವೂ ಇತ್ತೆಂಬುದು ನಮ್ಮ ರೈತರಲ್ಲಿ ಬಹಳ ಜನಕ್ಕೆ ಗೊತ್ತಿಲ್ಲ. ಗೊತ್ತಿರಬೇಕು. ಆ ನೀರಿನಲ್ಲಿ ಹಳೇ ಕನ್ನಂಬಾಡಿ ಊರೇ ಮುಳುಗಿತೆಂಬುದೂ ನೆನಪಿರಬೇಕು.

ಹಳ್ಳಿಗಳ ಕಡೆ ತಂತಿ ತಿರುಗತೊಡಗಿದ್ದು ಮಿರ್ಜಾ ಇಸ್ಮಾಯಿಲ್ ದಿವಾನರಾಗಿದ್ದ ಮೂವತ್ತರ ದಶಕದಲ್ಲಿ. ಬೇರೆ ಬಹಳಷ್ಟು ಪ್ರಾಂತ್ಯಗಳಿಗಿಂತ ಮೊದಲೇ ಮೈಸೂರು ಸಂಸ್ಥಾನ ಹಳ್ಳಿಗೆ ಕರೆಂಟು ಕೊಡುವ ಕೆಲಸಕ್ಕೆ ಇಳಿಯಿತು. ಶಿಂಷಾದಲ್ಲಿ, ಆಮೇಲೆ ಜೋಗದಲ್ಲಿ ಹೊಸ ಪವರ್ ಹೌಸುಗಳೆದ್ದವು. 1948ರಲ್ಲಿ ಶುರುವಾದ ಜೋಗದ ವಿದ್ಯುದಾಗಾರಕ್ಕೆ ಮಹಾತ್ಮ ಗಾಂಧಿಯವರ ಹೆಸರಿಟ್ಟರು. 1957ರಲ್ಲಿ ಕರ್ನಾಟಕ ವಿದ್ಯುಚ್ಛಕ್ತಿ ಮಂಡಳಿ ಹುಟ್ಟಿತು. ಆಗಿನ್ನೂ ಅದು ಮೈಸೂರು ರಾಜ್ಯ ವಿದ್ಯುಚ್ಛಕ್ತಿ ಮಂಡಳಿ, ನಮ್ಮ ಜನರ ಬಾಯಲ್ಲಿ ಮುಂದೆ ಕೆ.ಇ.ಬಿ.

ನಮ್ಮೂರಿಗೆ ಕರೆಂಟು ಬಂದದ್ದು ನಾನು ಮಿಡ್ಲ್ ಸ್ಕೂಲಿನಲ್ಲಿದ್ದಾಗ. ಮೊದಲು ಗುಂಡಿ ತೋಡಿದರು. ವಾರಗಟ್ಟಲೆ ಬರಿಗುಂಡಿ, ಕರು ಬಿದ್ದಾವೆಂದು ಹೆಂಗಸರು ಮುಳ್ಳು ಮುಚ್ಚಿದರು. ಆಮೇಲೆ ಗಾಡಿಯಲ್ಲಿ ಕಂಬ ಬಂದವು. ‘ಐಸಾ’ ಎಂದು ಊರಿನ ಗಂಡಸರೇ ಹಗ್ಗ ಹಿಡಿದು ಎಬ್ಬಿಸಿ ನಿಲ್ಲಿಸಿದರು. ತಂತಿ ಎಳೆಯುವಾಗ ನಮ್ಮ ಮೇಷ್ಟ್ರು ಪಾಠ ನಿಲ್ಲಿಸಿ ಮಕ್ಕಳನ್ನೆಲ್ಲ ಹೊರಗೆ ಕರೆದುಕೊಂಡು ಬಂದು ತೋರಿಸಿದರು. ಮೊದಲು ಬೀದಿದೀಪ, ಆಮೇಲೆ ಅಕ್ಕಿ ಗಿರಣಿ, ಪಟೇಲರ ಮನೆ, ದೇವಸ್ಥಾನ. ನಮ್ಮ ಮನೆಗೆ ಬರಲು ಇನ್ನೂ ಕೆಲವು ವರ್ಷ ಬೇಕಾಯಿತು. ಹೊಲಗೇರಿಗೆ ಹೋಗಲು ಅದಕ್ಕಿಂತ ಹೆಚ್ಚು. ಕಂಬಗಳ ಸಾಲು ಊರ ಮುಂದಿನಿಂದ ಹೊರಟು ಮೇಲಿನ ಬೀದಿಯ ಕೊನೆಗೆ ನಿಂತುಬಿಟ್ಟಿತ್ತು. ಅಲ್ಲಿಂದ ಆ ಕೇರಿಗೆ ನಾಲ್ಕೈದು ಕಂಬದ ದೂರ. ಕೋಲಾರಕ್ಕೆ 92 ಮೈಲಿ ತಂತಿ ಎಳೆದ ನಾಡಿಗೆ ಆ ನಾಲ್ಕೈದು ಕಂಬ ನೆಡಲು ಎಷ್ಟು ವರ್ಷ ಹಿಡಿಯಿತೆಂಬುದು ನನ್ನನ್ನು ಇವತ್ತಿಗೂ ಕಾಡುತ್ತದೆ.

ಎಪ್ಪತ್ತರ ದಶಕದ ಕೊನೆಗೆ ಸರ್ಕಾರದ ಭಾಗ್ಯಜ್ಯೋತಿ ಯೋಜನೆ ಬಂತು. ಬಡವರ ಮನೆಗೆ ಒಂದು ದೀಪ, ಒಂದೇ ಪಾಯಿಂಟು. ನಾನಾಗ ಹೊಸಬ. ಗುಡಿಸಲಿಗೆ ಸರ್ವಿಸ್ ತಂತಿ ಎಳೆದು, ಹೋಲ್ಡರ್ ಕಟ್ಟಿ, ಬಲ್ಬು ಹಾಕಿ ಸ್ವಿಚ್ಚು ಒತ್ತುವುದಕ್ಕೆ ಮನೆಯ ಹಿರಿಯರನ್ನೇ ಕರೆಯುತ್ತಿದ್ದೆವು. ಒಂದು ಮನೆಯಲ್ಲಿ ಅಜ್ಜಿಯೊಬ್ಬಳು ದೀಪ ಹತ್ತಿದ ಕೂಡಲೇ ಗೂಡಿನಲ್ಲಿದ್ದ ಬುಡ್ಡಿಗೂ ಎಣ್ಣೆ ಹಾಕಿ ಪಕ್ಕದಲ್ಲಿಟ್ಟುಕೊಂಡಳು. ‘ಇದು ಯಾವಾಗ ಹೋಯ್ತದೋ, ಅದನ್ ಬುಡಕಾಯ್ತದಾ?’ ಅಂದಳು. ಬಲ್ಲವಳು. ವರ್ಷದೊಳಗೆ ಎಷ್ಟೋ ಮನೆಗಳಲ್ಲಿ ಬಲ್ಬು ಸುಟ್ಟುಹೋಗಿ, ಬೇರೆ ತರಲು ದುಡ್ಡಿಲ್ಲದೆ ಹೋಲ್ಡರು ಬರಿದಾಗಿ ತೂಗಾಡುತ್ತಿತ್ತು. ಕರೆಂಟು ಕೊಡುವುದೆಂದರೆ ಒಂದು ದಿನದ ಕೆಲಸವಲ್ಲ, ಪ್ರತಿದಿನ ಕೊಡುತ್ತಲೇ ಇರಬೇಕು ಎಂಬುದನ್ನು ನಾನು ಕಲಿತದ್ದು ಆ ಮನೆಗಳಲ್ಲಿ.

ಅದೇ ಹೊತ್ತಿಗೆ ಪಂಪ್‌ಸೆಟ್ಟುಗಳ ಕಾಲ. ಬಾವಿಗೆ, ಬೋರಿಗೆ ಮೋಟಾರು ಬಂತು. ಐದು ಮನೆಗೆಂದು ಎಳೆದ ಲೈನಿಗೆ ಹತ್ತು ಮೋಟಾರು ಹತ್ತಿದವು. ಟಿ.ಸಿ. ಹತ್ತಿರದವರಿಗೆ ಕರೆಂಟು ಸರಿಯಾಗಿ ಸಿಕ್ಕರೆ, ಲೈನಿನ ಕೊನೆಯವರಿಗೆ ವೋಲ್ಟೇಜು ಬಿದ್ದು ಮೋಟಾರಿನ ಕಾಯಿಲು ಸುಡುತ್ತಿತ್ತು. ನಾಲೆಯ ಕೊನೇ ಭಾಗದವನಿಗೂ ಲೈನಿನ ಕೊನೇ ಕಂಬದವನಿಗೂ ಗೋಳು ಒಂದೇ. ಮೊದಲ ಮುಂಗಾರು ಬಿದ್ದ ರಾತ್ರಿ ನಮ್ಮ ಮನೆ ಬಾಗಿಲಲ್ಲಿ ಜನ ಸೇರುತ್ತಿದ್ದರು. ಗಾಳಿಗೆ ಹೊಂಗೆ ಕೊಂಬೆ ಲೈನಿನ ಮೇಲೆ ಬಿದ್ದು ತಂತಿ ಕಡಿದಿರುತ್ತದೆ, ಜಂಪರ್ ಹಾರಿರುತ್ತದೆ. ‘ಅಣ್ಣೋ, ಫೇಸ್ ಹೋಗೈತೆ, ಬಾ.’ ಹಗ್ಗ, ಕಟಿಂಗ್ ಪ್ಲೇಯರ್, ಟಾರ್ಚು ಹಿಡಿದು ಕೆಸರಿನಲ್ಲಿ ಹೋಗುವುದು.

ಕಂಬ ಹತ್ತುವ ಮುಂಚೆ ಸ್ಟೇಷನ್ನಿನಿಂದ ಎಲ್.ಸಿ. ತೆಗೆದುಕೊಳ್ಳಬೇಕು. ಲೈನ್ ಕ್ಲಿಯರ್ ಅನ್ನುವುದರ ಅರ್ಥ, ಈ ಲೈನು ಆಫ್ ಆಗಿದೆ, ನಾನು ವಾಪಸ್ ಹೇಳುವ ತನಕ ಯಾರೂ ಚಾರ್ಜ್ ಮಾಡುವಂತಿಲ್ಲ ಎಂಬ ಮಾತು. ಆಮೇಲೆ ಅರ್ಥ್ ರಾಡ್ ಹಾಕಿ ತಂತಿಯನ್ನು ನೆಲಕ್ಕೆ ಕಟ್ಟಬೇಕು. ಎಲ್.ಸಿ. ಇದ್ದರೂ ಅರ್ಥ್ ಮಾಡಲೇಬೇಕು, ಯಾಕೆಂದರೆ ಕರೆಂಟು ಹಿಂದಿನ ಬಾಗಿಲಿನಿಂದಲೂ ಬರುತ್ತದೆ. ನನ್ನ ಜೊತೆಗಾರನೊಬ್ಬ ಹೋದದ್ದು ಹಾಗೆ. ಲೈನು ಆಫ್ ಆಗಿತ್ತು. ಕೆಳಗೆಲ್ಲೋ ಒಬ್ಬರು ಕರೆಂಟಿಲ್ಲವೆಂದು ತಮ್ಮ ಜನರೇಟರ್ ಹಾಕಿಕೊಂಡರು, ಚೇಂಜ್‌ಓವರ್ ಸ್ವಿಚ್ಚು ಇಲ್ಲದೆ ಅದು ರಿಟರ್ನ್ ಆಗಿ ಟಿ.ಸಿ.ಯನ್ನು ಉಲ್ಟಾ ಹೊಕ್ಕು 11,000 ಆಗಿ ಎದ್ದಿತು. ಕೆಳಗಿಳಿಸುವ ಟ್ರಾನ್ಸ್‌ಫಾರ್ಮರು ಹಿಂದಿನಿಂದ ಕೊಟ್ಟರೆ ಮೇಲಕ್ಕೂ ಏರಿಸುತ್ತದೆ. ಈ ಒಂದು ಸಂಗತಿಯನ್ನು ಮನೆಯಲ್ಲಿ ಜನರೇಟರ್ ಇಟ್ಟುಕೊಂಡ ಪ್ರತಿಯೊಬ್ಬರೂ ತಿಳಿದಿರಬೇಕೆಂದು ಕೈಮುಗಿದು ಕೇಳುತ್ತೇನೆ. ಅವನಿಗೆ ಎಳೆಯ ಮಕ್ಕಳಿದ್ದರು.

ನಮ್ಮ ಕಡೆ ಉರಿದ ದೀಪಗಳಿಗೆ ಬೇರೆ ಕಡೆಯವರು ಕೊಟ್ಟ ಬೆಲೆಯನ್ನೂ ಹೇಳಬೇಕು. 1964ರಲ್ಲಿ ಶರಾವತಿ ನದಿಯ ಲಿಂಗನಮಕ್ಕಿ ಅಣೆಕಟ್ಟು ಮುಗಿಯಿತು. ಶರಾವತಿಯ ಪವರ್ ಹೌಸು ಬೆಳೆದು ಇವತ್ತು 1,035 ಮೆಗಾವ್ಯಾಟಿನದು. ದಶಕಗಳ ಕಾಲ ಇಡೀ ರಾಜ್ಯ ಆ ನೀರಿನ ಮೇಲೆ ಬದುಕಿತು. ಅದೇ ನೀರಿನಲ್ಲಿ ಸಾಗರ, ಹೊಸನಗರ ಸೀಮೆಯ ಊರುಗಳು, ಅಡಿಕೆ ತೋಟಗಳು ಮುಳುಗಿದವು. ಎದ್ದುಹೋದವರಲ್ಲಿ ಎಷ್ಟೋ ಕುಟುಂಬಗಳಿಗೆ ಕೊಟ್ಟ ಜಾಗದ ಹಕ್ಕುಪತ್ರ ಎರಡು ಮೂರು ತಲೆಮಾರು ಕಳೆದರೂ ಸಿಗಲಿಲ್ಲ. ಹಿನ್ನೀರಿನ ಅಂಚಿನ ಊರುಗಳಲ್ಲಿ ವರ್ಷಗಟ್ಟಲೆ ಕತ್ತಲೆಯಿತ್ತು. ಶಿವನಸಮುದ್ರದ ಲೈನಿನ ಕೆಳಗೆ ನಮ್ಮ ಹಿರಿಯರು ಕಂಡದ್ದನ್ನೇ ಅವರು ಇನ್ನೂ ಕಠಿಣವಾಗಿ ಕಂಡರು. ನಮ್ಮದು ಕಾಯುವ ಕಷ್ಟ, ಅವರದು ಮನೆ ಕಳೆದುಕೊಂಡು ಕಾಯುವ ಕಷ್ಟ.

ಪಾವಗಡದಲ್ಲಿ ಈ ಕಥೆ ಸ್ವಲ್ಪ ಬದಲಾಗಿದೆ. ಅಲ್ಲಿನ 2,050 ಮೆಗಾವ್ಯಾಟಿನ ಸೋಲಾರ್ ಪಾರ್ಕಿಗೆ ಸುಮಾರು 13,000 ಎಕರೆ ನೆಲವನ್ನು ರೈತರಿಂದ ಕಿತ್ತುಕೊಳ್ಳಲಿಲ್ಲ, ಗುತ್ತಿಗೆಗೆ ಪಡೆದರು. ವರ್ಷ ವರ್ಷ ಬಾಡಿಗೆ, ಪಹಣಿ ಅವರ ಹೆಸರಿನಲ್ಲೇ. ನೆಲವಿಲ್ಲದೆ ಕೂಲಿ ಮಾಡುತ್ತಿದ್ದವರಿಗೆ ಅದರಿಂದ ಏನೂ ಬರಲಿಲ್ಲ, ಆ ದೂರು ನ್ಯಾಯವಾದದ್ದು. ಆದರೂ ಕರೆಂಟು ಹುಟ್ಟುವ ಜಾಗದ ಜನಕ್ಕೂ ಪಾಲಿರಬೇಕೆಂಬ ಮಾತು ಕರಾರಿನೊಳಕ್ಕೆ ಬಂದದ್ದು ದೊಡ್ಡ ಸಂಗತಿ. 1902ರಲ್ಲಿ ಅದನ್ನು ಕೇಳುವವರೂ ಇರಲಿಲ್ಲ.

ಶಿವನಸಮುದ್ರದ ಮೊದಲ ಗಿರಾಕಿ ಈಗಿಲ್ಲ. ಕೋಲಾರದ ಗಣಿ 2001ರಲ್ಲಿ ಮುಚ್ಚಿತು. ಬ್ಲಫ್‌ನ ಪವರ್ ಹೌಸು ಮಾತ್ರ 42 ಮೆಗಾವ್ಯಾಟಿನದಾಗಿ ಬೆಳೆದು ಇನ್ನೂ ನಡೆಯುತ್ತಿದೆ. ಯಾರಿಗಾಗಿ ಹುಟ್ಟಿತೋ ಅವರು ಹೋದರು, ಯಾರನ್ನು ದಾಟಿ ಹೋಗಿತ್ತೋ ಆ ಮನೆಗಳು ಈಗ ಅದರ ಗಿರಾಕಿಗಳು. 2023ರ ಆಗಸ್ಟಿನಿಂದ ಸರ್ಕಾರದ ಗೃಹಜ್ಯೋತಿ ಯೋಜನೆಯಲ್ಲಿ 200 ಯೂನಿಟ್ಟಿನೊಳಗಿನ ಮನೆಬಳಕೆಗೆ ಬಿಲ್ಲಿಲ್ಲ. ಒಂದು ಬಲ್ಬಿನ ಭಾಗ್ಯಜ್ಯೋತಿ ಕಟ್ಟಿದ ಕೈ ಇದು, ಹಾಗಾಗಿ ಆ ಬಿಲ್ಲನ್ನು ನೋಡಿದಾಗ ನನಗೆ ಸಂತೋಷವೇ ಆಗುತ್ತದೆ. ಆದರೆ ಬಿಲ್ಲಿನಲ್ಲಿ ಸೊನ್ನೆ ಬಂದ ಮಾತ್ರಕ್ಕೆ ಕಂಬ ತಾನೇ ನಿಲ್ಲುವುದಿಲ್ಲ, ತಂತಿ ತಾನೇ ಕೂಡುವುದಿಲ್ಲ. ಲೈನ್‌ಮನ್ನಿಗೆ ಕೈಗವಸು, ಒಳ್ಳೆ ಏಣಿ, ಜೊತೆಗೊಬ್ಬ ಆಳು ಕೊಡುವ ಖರ್ಚನ್ನು ಯಾವ ಸರ್ಕಾರವೂ ಉಳಿತಾಯದ ಲೆಕ್ಕಕ್ಕೆ ಹಾಕಬಾರದು.

ಕೊನೆಗೆ ಒಂದು ಕೇಳಿಕೆ. ನಮ್ಮ ಸೆಕ್ಷನ್ ಆಫೀಸುಗಳಲ್ಲಿ ಹಳೆಯ ಆರ್.ಆರ್. ಲೆಡ್ಜರುಗಳಿದ್ದವು. ಪ್ರತಿ ಮೀಟರಿಗೆ ಒಂದು ಆರ್.ಆರ್. ನಂಬರು, ಮನೆಯವರ ಹೆಸರು, ಸರ್ವಿಸ್ ಕೊಟ್ಟ ತಾರೀಕು. ಯಾವ ಊರಿನಲ್ಲಿ ಮೊದಲು ಯಾರಿಗೆ ಬೆಳಕು ಬಂತು, ಯಾವ ಕೇರಿ ಎಷ್ಟು ವರ್ಷ ಕಾಯಿತು, ಮೊದಲ ಮೋಟಾರು ಯಾರ ಬಾವಿಗೆ ಇಳಿಯಿತು ಎಂಬುದೆಲ್ಲ ಆ ಪುಟಗಳಲ್ಲಿತ್ತು. ಕಂಪ್ಯೂಟರ್ ಬಂದಮೇಲೆ ಎಷ್ಟೋ ಪುಸ್ತಕಗಳು ಗೆದ್ದಲಿಗೆ, ರದ್ದಿಗೆ ಹೋದವು. ಉಳಿದವುಗಳನ್ನಾದರೂ ಜಿಲ್ಲೆಯ ಪತ್ರಾಗಾರಕ್ಕೆ ಒಪ್ಪಿಸಿ. ಅದರ ಜೊತೆಗೆ ಪ್ರತಿ ಉಪವಿಭಾಗದ ಕಚೇರಿಯ ಗೋಡೆಯ ಮೇಲೆ, ಆ ಸೀಮೆಯ ಲೈನಿನಲ್ಲಿ ಜೀವ ಕಳೆದುಕೊಂಡವರ ಹೆಸರುಗಳನ್ನು ಕೆತ್ತಿಸಿ. ಪವರ್ ಹೌಸಿನ ಬಾಗಿಲಲ್ಲಿ ದಿವಾನರ ಹೆಸರಿದೆ, ಇರಲೇಬೇಕು. ಕೊನೆಯ ಕಂಬದವರೆಗೂ ಬೆಳಕನ್ನು ಹೊತ್ತು ತಂದವರ ಹೆಸರೂ ಮಕ್ಕಳು ಓದುವ ಕಡೆ ಇದ್ದರೆ ಮಾತ್ರ ಈ ನಾಡಿನ ಕರೆಂಟಿನ ಚರಿತ್ರೆ ಪೂರ್ತಿಯಾಗುತ್ತದೆ.